ಗಾಳಿಯಲ್ಲಿ ಹಿಡಿದು ಬಿಗಿದ ಸುತ್ತಿಗೆ

ಸುತ್ತಿಗೆಯ ತಲೆ ಸಡಿಲವಾದಾಗ ಹಿಡಿಯ ಬುಡವನ್ನು ನೆಲಕ್ಕೆ ಕುಟ್ಟುತ್ತಿದ್ದೆ. ತನ್ನ ಭಾರಕ್ಕೇ ತಲೆ ಕೆಳಗಿಳಿದು ಬಿಗಿಯಾಗುತ್ತದೆ ಎಂದುಕೊಂಡಿದ್ದೆ. ಒಮ್ಮೆ ಬಡಗಿಯೊಬ್ಬರು ಸುತ್ತಿಗೆಯನ್ನು ತಲೆಕೆಳಗಾಗಿ ಗಾಳಿಯಲ್ಲಿ ಹಿಡಿದು, ಮೇಲೆ ಬಂದ ಹಿಡಿಯ ತುದಿಗೆ ಕೊಡತಿಯಿಂದ ಹೊಡೆದರು. ಏಟಿಗೊಂದಿಷ್ಟು ತಲೆ ಮೇಲಕ್ಕೇರತೊಡಗಿತು! ವಿಜ್ಞಾನ ಪಾಠ ಮಾಡುವ ನನಗೆ ನಾಚಿಕೆಯೇ ಆಯಿತು. ತಲೆ ಏರುತ್ತಿರಲಿಲ್ಲ, ಹಿಡಿ ಕೆಳಗೆ ಸರಿಯುತ್ತಿತ್ತು, ಭಾರದ ತಲೆ ಬಹುಪಾಲು ಇದ್ದಲ್ಲೇ ನಿಂತಿತ್ತು. ಹೊರಗಿನ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಸಾಗುತ್ತದೆ ಎಂದು 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮವನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆ, ಕೈಯಲ್ಲಿದ್ದ ಸುತ್ತಿಗೆಯಲ್ಲಿ ಮಾತ್ರ ಕಂಡಿರಲಿಲ್ಲ.

ಮರುವಾರವೇ ತರಗತಿಯಲ್ಲಿ ದಾರದ ಪ್ರಯೋಗಕ್ಕೆ ಕೈ ಹಾಕಿದೆ. ತೂಕದ ಕಲ್ಲೊಂದನ್ನು ಹೊಲಿಗೆ ದಾರದಲ್ಲಿ ತೂಗುಹಾಕಿ, ಅದರ ಕೆಳಗೆ ಅದೇ ದಾರದ ಇನ್ನೊಂದು ತುಂಡು ಕಟ್ಟಬೇಕು. ಒಂದು ಕಿಲೋ ಕಲ್ಲು ನಾನು ಮುಟ್ಟುವ ಮೊದಲೇ ದಾರ ಹರಿದುಕೊಂಡು ಬಿತ್ತು. ಅರ್ಧ ಕಿಲೋಗೆ ಇಳಿಸಿ, ಕೆಳಗೆ ದಿಂಬು ಇಟ್ಟೆ. ಕೆಳಗಿನ ದಾರವನ್ನು ನಿಧಾನವಾಗಿ ಎಳೆದರೆ ಮೇಲಿನದು ತುಂಡಾಗುತ್ತದೆ, ಏಕೆಂದರೆ ಅದು ನನ್ನ ಎಳೆತದ ಜೊತೆಗೆ ಕಲ್ಲಿನ ಭಾರವನ್ನೂ ಹೊತ್ತಿರುತ್ತದೆ. ಫಕ್ಕನೆ ಜಗ್ಗಿದರೆ ಕೆಳಗಿನದು ತುಂಡಾಗುತ್ತದೆ: ಕಲ್ಲು ಸರಿದು ಮೇಲಿನ ದಾರವನ್ನು ಹಿಗ್ಗಿಸುವಷ್ಟು ಸಮಯವೇ ಸಿಗುವುದಿಲ್ಲ. ನಾನು ಎಡವಿದ್ದು ಇವೆರಡರ ನಡುವೆ. ಅಳುಕುತ್ತ ಅರೆಬರೆ ಜೋರಿನಲ್ಲಿ ಎಳೆದಾಗ ಒಮ್ಮೆ ಮೇಲಿನದು, ಒಮ್ಮೆ ಕೆಳಗಿನದು ಹರಿದು, ಮಕ್ಕಳು ನಗತೊಡಗಿದರು. ಕೈ ಪಳಗಲು ಅರ್ಧ ಉಂಡೆ ದಾರ ಖರ್ಚಾಯಿತು.

ಆಗ ಹುಡುಗಿಯೊಬ್ಬಳು ಕೇಳಿದಳು: "ಸರ್, ಬಸ್ಸು ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವುದು ಯಾರು?" ಯಾರೂ ಅಲ್ಲ ಎಂದೆ. ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಒಳಗಿರುವ ನಾವೂ ಸೆಕೆಂಡಿಗೆ 10 ಮೀಟರ್ ಸಾಗುತ್ತಿರುತ್ತೇವೆ. ಬ್ರೇಕ್ ಹಾಕಿದಾಗ ನೆಲಕ್ಕಂಟಿದ ಪಾದ ಬಸ್ಸಿನೊಂದಿಗೆ ನಿಧಾನವಾಗುತ್ತದೆ, ಮೈ ಅದೇ ವೇಗದಲ್ಲಿ ಸಾಗುತ್ತದೆ. ಅವಳ ಮುಖದಲ್ಲಿ ಅನುಮಾನ ಹಾಗೆಯೇ ಇತ್ತು.

ಮರುದಿನ ಎರಡು ಮೊಟ್ಟೆ ಒಯ್ದು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿದೆ. ಬೇಯಿಸಿದ್ದನ್ನು ಬೆರಳಿಟ್ಟು ತಡೆದರೆ ನಿಂತೇ ಹೋಯಿತು. ಹಸಿಯದು ಮೊದಲು ಒಲ್ಲದ ಮನಸ್ಸಿನಿಂದ ತಿರುಗಿತು. ಕ್ಷಣಮಾತ್ರ ತಡೆದು ಬೆರಳು ತೆಗೆದೊಡನೆ ಮತ್ತೆ ತಿರುಗತೊಡಗಿತು. ನಿಂತದ್ದು ಚಿಪ್ಪು ಮಾತ್ರ, ಒಳಗಿನ ದ್ರವ ಸುತ್ತುತ್ತಲೇ ಇತ್ತು. "ಬಸ್ಸು ಚಿಪ್ಪು, ನಾವು ಒಳಗಿನ ಲೋಳೆ," ಎಂದಳು ಅದೇ ಹುಡುಗಿ.