ದೇವನಹಳ್ಳಿಯಿಂದ ಬಾಗ್ಡೋಗ್ರಾ ಎಷ್ಟು ದೂರ? ನೀವೇ ಲೆಕ್ಕ ಹಾಕಿ

ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಡಾರ್ಜಿಲಿಂಗ್ ನೋಡುವ ಆಸೆ. ಅಲ್ಲಿಗೆ ಹೋಗುವವರು ಇಳಿಯುವ ವಿಮಾನ ನಿಲ್ದಾಣ ಬಾಗ್ಡೋಗ್ರಾ. ಟಿಕೆಟ್‌ನಲ್ಲಿ ಹತ್ತಿರ ಹತ್ತಿರ ಮೂರು ಗಂಟೆ ಅಂತಿದ್ದದ್ದು ನೋಡಿ, ‘ಅಷ್ಟೇನಾ? ತಿಂಡಿ ತಿಂದು ಹೊರಟರೆ ಊಟಕ್ಕೆ ಅಲ್ಲಿರ್ತೀವಿ’ ಅಂದರು. ನಾನು ಪೆನ್ನು, ಕಾಗದ ತೆಗೆದೆ.

ಮ್ಯಾಪ್‌ನಲ್ಲಿ ದಾರಿ ಕೇಳಿದರೆ ಅದು ರಸ್ತೆಯ ದೂರ ತೋರಿಸುತ್ತದೆ. ಬಾಗ್ಡೋಗ್ರಾ ಪಕ್ಕದ ಸಿಲಿಗುರಿಗೆ ಅದು ಸುಮಾರು 2,400 ಕಿ.ಮೀ. ವಿಮಾನ ಇಷ್ಟೆಲ್ಲ ಸುತ್ತುವುದಿಲ್ಲ.

ಮೊದಲು ಮ್ಯಾಪ್‌ನಲ್ಲಿ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಸಿಗುತ್ತವೆ: ಅಕ್ಷಾಂಶ, ರೇಖಾಂಶ. ದೇವನಹಳ್ಳಿಗೆ 13.2 ಮತ್ತು 77.7. ಬಾಗ್ಡೋಗ್ರಾಗೆ 26.7 ಮತ್ತು 88.3. ಕಳೆದರೆ ಉತ್ತರಕ್ಕೆ 13.5 ಡಿಗ್ರಿ, ಪೂರ್ವಕ್ಕೆ 10.6 ಡಿಗ್ರಿ.

ಅಕ್ಷಾಂಶದ ಒಂದು ಡಿಗ್ರಿ ಅಂದರೆ 111 ಕಿ.ಮೀ. ರೇಖಾಂಶದ್ದು ಹಾಗಲ್ಲ. ಕಿತ್ತಳೆ ತೊಳೆಗಳ ಗೆರೆ ತುದಿಯಲ್ಲಿ ಕೂಡುತ್ತವಲ್ಲ, ಹಾಗೆ ಉತ್ತರಕ್ಕೆ ಹೋದಷ್ಟೂ ಅವು ಹತ್ತಿರವಾಗುತ್ತವೆ. ನಮ್ಮ ಈ ದಾರಿಯ ನಡುಮಧ್ಯೆ ಒಂದು ಡಿಗ್ರಿಗೆ ಸುಮಾರು 105 ಕಿ.ಮೀ. ಹಿಡಿಯಬಹುದು. ಹಾಗಾಗಿ ಉತ್ತರಕ್ಕೆ 1,498, ಪೂರ್ವಕ್ಕೆ 1,113.

ಇನ್ನು ಹೈಸ್ಕೂಲಿನ ಪೈಥಾಗೊರಸ್. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಿರಿ. 1,866 ಬರುತ್ತದೆ. ನಿಜವಾದ ದೂರಕ್ಕೂ ಇದಕ್ಕೂ ಹತ್ತು ಕಿ.ಮೀ. ವ್ಯತ್ಯಾಸವೂ ಇಲ್ಲ. (ಲಂಡನ್ನಿಗೆ ಈ ಉಪಾಯ ನಡೆಯುವುದಿಲ್ಲ. ಅಷ್ಟು ದೂರಕ್ಕೆ ಭೂಮಿ ಗುಂಡಗಿರುವುದು ಲೆಕ್ಕ ಕೆಡಿಸುತ್ತದೆ.)

ದೂರವನ್ನು 800ರಿಂದ ಭಾಗಿಸಿ. ಏರ್‌ಬಸ್ 320, ಬೋಯಿಂಗ್ 737 ಥರದ ಜೆಟ್‌ಗಳು ಮೇಲೆ ಗಂಟೆಗೆ ಹೆಚ್ಚುಕಮ್ಮಿ ಅಷ್ಟು ವೇಗದಲ್ಲಿ ಹೋಗುತ್ತವೆ. 2 ಗಂಟೆ 20 ನಿಮಿಷ ಆಯಿತು. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಅಂತ ಅರ್ಧ ಗಂಟೆ ಸೇರಿಸಿ: 2 ಗಂಟೆ 50 ನಿಮಿಷ. ಪಂಖ ತಿರುಗುವ ಎಟಿಆರ್ ಆದರೆ 500ರಿಂದ ಭಾಗಿಸಬೇಕು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದ ಗಾಳಿ ಜೋರು, ಆದ್ದರಿಂದ ವಾಪಸ್ ಬರುವಾಗ ಸ್ವಲ್ಪ ಜಾಸ್ತಿ ಹಿಡಿಯುತ್ತದೆ.

ಇಲ್ಲಿಗೆ ಮುಗಿಸಿದರೆ ಚಿಕ್ಕಮ್ಮನ ಲೆಕ್ಕವೇ ಸರಿ ಅನ್ನಿಸೀತು. ಆದರೆ ಪ್ರಯಾಣ ಶುರುವಾಗುವುದು ಮನೆ ಬಾಗಿಲಿನಿಂದ ಅಲ್ವಾ? ಚಿಕ್ಕಬಳ್ಳಾಪುರದಿಂದ ನಿಲ್ದಾಣ ಸುಮಾರು 30 ಕಿ.ಮೀ. ಆದರೂ ಒಂದು ಗಂಟೆ ಇಟ್ಟುಕೊಳ್ಳಿ, ಶನಿವಾರ ಭಾನುವಾರ ನಂದಿ ಬೆಟ್ಟದ ಜನ ಬೇರೆ ಇರುತ್ತಾರೆ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ 40 ನಿಮಿಷ.

ಆಮೇಲಿನದೇ ತಮಾಷೆ. ಬಾಗ್ಡೋಗ್ರಾದಿಂದ ಡಾರ್ಜಿಲಿಂಗ್‌ಗೆ ಬರೀ 70 ಕಿ.ಮೀ. ಆದರೆ ಘಟ್ಟದ ರಸ್ತೆ, ಮೂರು ಗಂಟೆ ಬೇಕು. ದೇಶದ ಉದ್ದಕ್ಕೂ ಹಾರಿದಷ್ಟೇ ಹೊತ್ತು! ಒಟ್ಟು ಒಂಬತ್ತೂವರೆ ಗಂಟೆ.

‘ಹಾಗಾದರೆ ಮಧ್ಯಾಹ್ನದ ವಿಮಾನ ಹಿಡಿದು ರಾತ್ರಿ ಊಟಕ್ಕೆ ಸೇರೋಣ’ ಅಂದರು ಚಿಕ್ಕಮ್ಮ. ಮತ್ತೆ ಅದೇ 10.6 ತೋರಿಸಿದೆ. ಪೂರ್ವಕ್ಕೆ ಒಂದೊಂದು ಡಿಗ್ರಿಗೂ ಸೂರ್ಯ ನಾಲ್ಕು ನಿಮಿಷ ಮುಂದು. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಅದರ ಮೇಲೆ ಉತ್ತರದಲ್ಲಿ ಚಳಿಗಾಲದ ಹಗಲು ಚಿಕ್ಕದು. ಡಿಸೆಂಬರ್‌ನಲ್ಲಿ ಅಲ್ಲಿ ಐದು ಗಂಟೆಗೆ ಮೊದಲೇ ಹೊತ್ತು ಮುಳುಗಿರುತ್ತದೆ. ಕತ್ತಲಲ್ಲಿ ಘಟ್ಟ ಹತ್ತುವುದು ಬೇಡವೆಂದು ಬೆಳಗಿನ ವಿಮಾನವನ್ನೇ ಬುಕ್ ಮಾಡಿದೆವು.