ಹೊಲದ ಆಳ ಹಿತ್ತಲಿಗೆ ಬೇಡ

ನನ್ನ ತವರು ಮಾನ್ವಿ ಕಡೆಯ ಎರೆ ಸೀಮೆ, ಅಂದರೆ ಕಪ್ಪು ಮಣ್ಣಿನ ನಾಡು. ಹಿಂಗಾರಿಯಲ್ಲಿ ಅಲ್ಲಿ ಮೇಲ್ಮಣ್ಣು ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ. ಅದಕ್ಕೇ ಜೋಳ, ಕಡಲೆಯನ್ನು ಕೂರಿಗೆಯಲ್ಲಿ ಆಳಕ್ಕೆ ಇಳಿಸುತ್ತಾರೆ. ಕುಷ್ಟಗಿ ಹತ್ತಿರದ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷ, ಅದೇ ಕಣ್ಣಳತೆಯಲ್ಲಿ ಬೆಂಡೆ, ಪುಂಡಿ, ರಾಜಗಿರಿ ಎಲ್ಲವನ್ನೂ ಎರಡು ಇಂಚು ಒಳಗೆ ಹಾಕಿದೆ. ಹನ್ನೆರಡು ದಿನವಾದರೂ ಒಂದು ಎಲೆ ಕಾಣಲಿಲ್ಲ. ಅತ್ತೆ ಚಾಕು ತಂದು ಬೆಂಡೆಯ ಸಾಲನ್ನು ಮೆಲ್ಲಗೆ ಕೆದಕಿದರು. ಬೀಜ ಮೊಳೆತಿತ್ತು! ಬಿಳಿ ಕುತ್ತಿಗೆ ಕೊಕ್ಕೆಯಂತೆ ಬಾಗಿ, ಹಪ್ಪಳದ ಹಾಗೆ ಗಟ್ಟಿಯಾದ ಮೇಲ್ಮಣ್ಣಿಗೆ ತಾಗಿ, ಅಲ್ಲೇ ಕೊಳೆಯುತ್ತಿತ್ತು. ನನಗೆ ಅಳು ಬಂತು.

ಬೆಳಕು ಕಾಣುವವರೆಗೆ ಮೊಳಕೆಗಿರುವುದು ಬೀಜದೊಳಗಿನ ಬುತ್ತಿಯೊಂದೇ. ಸಣ್ಣ ಬೀಜದ ಬುತ್ತಿ ದಾರಿಯಲ್ಲೇ ಮುಗಿಯುತ್ತದೆ. ಇನ್ನೊಂದು ವಿಷಯವೂ ಇದೆ. ಕಡಲೆ, ತೊಗರಿ ತಮ್ಮ ಬೇಳೆಗಳನ್ನು ಮಣ್ಣಿನಲ್ಲೇ ಬಿಟ್ಟು ಚಿಗುರನ್ನಷ್ಟೇ ಮೇಲಕ್ಕೆ ಕಳುಹಿಸುತ್ತವೆ. ಬೆಂಡೆ, ಅಲಸಂದಿ, ಸೋರೆ ಹಾಗಲ್ಲ, ಎರಡೂ ಬೇಳೆಗಳನ್ನು ಹೊತ್ತುಕೊಂಡೇ ಏಳಬೇಕು. ಅವುಗಳ ಮೇಲೆ ಭಾರ ಹೇರಬಾರದು.

ಬೀಜದ ಉದ್ದ ನೋಡಬೇಡಿ, ದಪ್ಪ ನೋಡಿ. ಅದರ ಎರಡು, ಮೂರು ಪಟ್ಟು ಮಣ್ಣು ಮೇಲಿದ್ದರೆ ಸಾಕು. ನನ್ನ ಅಳತೆಗೋಲು ತೋರುಬೆರಳು. ಅವರೆ, ಹೀರೆ, ಸೋರೆಗೆ ಮೊದಲ ಗೆಣ್ಣಿನಷ್ಟು, ಅಂದರೆ 2ರಿಂದ 2.5 ಸೆಂ.ಮೀ. ಬೆಂಡೆ, ಚವಳಿಗೆ (ಗೋರಿಕಾಯಿ) ಉಗುರು ಮುಳುಗುವಷ್ಟು. ಪುಂಡಿ, ಮೆಂತ್ಯ, ಮೂಲಂಗಿಗೆ 1 ಸೆಂ.ಮೀ. ಕೊತ್ತಂಬರಿಗೂ ಅಷ್ಟೇ, ಆದರೆ ಕಾಳನ್ನು ಉಜ್ಜಿ ಇಬ್ಭಾಗ ಮಾಡಿ ಹಾಕಿ. ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ಅರ್ಧ ಸೆಂ.ಮೀ. ದಾಟಬೇಡಿ. ರಾಜಗಿರಿಯನ್ನು ಹೂಳಲೇಬೇಡಿ. ಒಂದು ಚಮಚ ಬೀಜಕ್ಕೆ ಒಂದು ಬಟ್ಟಲು ಮರಳು ಬೆರೆಸಿ ಎರಚಿ, ಅಂಗೈಯಿಂದ ಒಮ್ಮೆ ಸವರಿದರೆ ಮುಗಿಯಿತು.

ಮಸಾರಿಯಲ್ಲಿ ಆಳದಷ್ಟೇ ಮುಖ್ಯ ಮೇಲಿನ ಹೊದಿಕೆ. ನಾನು ಸಾಲಿನ ಮಣ್ಣನ್ನು ಬೀಜದ ಮೇಲೆ ಎಳೆಯುವುದನ್ನೇ ಬಿಟ್ಟಿದ್ದೇನೆ. ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರಕ್ಕೆ ಅಷ್ಟೇ ಮರಳು ಸೇರಿಸಿ ಮುಚ್ಚುತ್ತೇನೆ. ಅದು ಬಿಗಿಯುವುದಿಲ್ಲ. ಸಾಲಿಗೆ ಹಿಂದಿನ ಸಂಜೆಯೇ ನೀರುಣಿಸಿ, ಬಿತ್ತಿದ ಮೇಲೆ ಕೈಯಿಂದ ಚಿಮುಕಿಸಿ. ಕೊಡದಿಂದ ಸುರಿದರೆ ಸಣ್ಣ ಬೀಜ ತೇಲಿ ಒಂದೇ ಮೂಲೆಗೆ ಸೇರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ದೊಡ್ಡ ಬೀಜವನ್ನು ಅರ್ಧ ಸೆಂ.ಮೀ. ಹೆಚ್ಚು ಇಳಿಸಿ, ಒದ್ದೆ ಗೋಣಿತಟ್ಟು ಹೊದಿಸುತ್ತೇನೆ. ಮೊದಲ ಕೊಕ್ಕೆ ಕಂಡ ದಿನ ಸಂಜೆಯೇ ತಟ್ಟು ತೆಗೆಯಬೇಕು, ಇಲ್ಲವಾದರೆ ಸಸಿ ಬೆಳ್ಳಗಾಗಿ ಸೊರಗುತ್ತದೆ. ಮೃಗಶಿರ ಮಳೆ ಹಿಡಿದ ಮೇಲೆ ತಟ್ಟು ಬೇಡ, ಆಳವನ್ನೂ ತುಸು ಕಡಿಮೆ ಮಾಡಿ. ಎರೆ ನೆಲದವರಿಗಂತೂ ಇದು ಕಡ್ಡಾಯ. ಹಸಿ ಎರೆಯಲ್ಲಿ ಗಾಳಿ ಆಡುವುದಿಲ್ಲ, ಬೀಜ ಕೊಳೆಯುತ್ತದೆ.

ಬೆಂಡೆ ವಾರದೊಳಗೆ ಏಳುತ್ತದೆ. ಮೆಣಸಿನಕಾಯಿಗೆ ಹತ್ತು, ಹನ್ನೆರಡು ದಿನ ಕೊಡಿ, ಕೊತ್ತಂಬರಿಗೂ ಹಾಗೆಯೇ. ಅವಧಿ ಮೀರಿದರೆ ಇಡೀ ಸಾಲು ಅಗೆಯಬೇಡಿ. ಒಂದು ಕಡೆ ಮಾತ್ರ ಚಾಕುವಿನ ತುದಿಯಿಂದ ಮೇಲ್ಪದರ ಎತ್ತಿ ನೋಡಿ. ಕೊಕ್ಕೆ ಇನ್ನೂ ಬೆಳ್ಳಗೆ ಗಟ್ಟಿಯಾಗಿದ್ದರೆ ಉಳಿದ ಕಡೆಗೆ ನೀರು ಚಿಮುಕಿಸಿ, ಪದರವನ್ನು ಬೆರಳಿನಿಂದ ಪುಡಿ ಮಾಡಿ. ಎರಡು ದಿನದಲ್ಲಿ ತಲೆ ಎತ್ತುತ್ತವೆ.