ಈಜುಕೊಳದ ಸುತ್ತ ಕಲ್ಲು ಹಾಸಿಸುವ ಮುನ್ನ

ಹಿತ್ತಲಲ್ಲಿ ಈಜುಕೊಳ ಕಟ್ಟಿಸಿ ಸುತ್ತ ಕೂರಲು ಜಾಗ ಮಾಡಿಸುವವರು ಮೊದಲು ನೋಡಬೇಕಾದ್ದು ಗೋಡೆಯ ಹೊರಗೆ ತುಂಬುವ ಮಣ್ಣನ್ನು. ಅಗೆದ ಮಣ್ಣನ್ನೇ ಒಂದೇ ಸಲ ಸುರಿದು ಮೇಲೆ ಕಲ್ಲು ಕೂರಿಸಿದರೆ ಮಳೆಗಾಲದಲ್ಲಿ ನೆಲ ಕುಸಿಯುತ್ತದೆ, ಕಲ್ಲು ವಾಲುತ್ತದೆ, ಕೆಸರು ನೀರು ಕೊಳಕ್ಕೇ ಇಳಿಯುತ್ತದೆ. 6ರಿಂದ 8 ಇಂಚಿನ ಪದರಗಳಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸ್ಸು ಹೊಡೆಸಿ. ಎರೆಮಣ್ಣಾದರೆ ಅದು ಬೇಡವೇ ಬೇಡ, ಗರಸು ತರಿಸಿ. ಮೇಲೆ 4 ಇಂಚು ಕಾಂಕ್ರೀಟ್. ದೀಪ, ಪಂಪಿನ ಪೈಪುಗಳು ಇದಕ್ಕೂ ಮೊದಲೇ ಹೋಗಿರಬೇಕು.

ಇಳಿಜಾರು ಕೊಳದಿಂದ ಹೊರಗೆ, ಮೀಟರಿಗೆ 15 ಮಿ.ಮೀ. ಇರಲಿ, ಕೊನೆಯಲ್ಲಿ ಜಾಲರಿ ಹಾಕಿದ ಚರಂಡಿ. ಕಲ್ಲಿಗೆ ತಿಳಿಬೂದು ಬಣ್ಣದ ಸಾದರಹಳ್ಳಿ ಗ್ರಾನೈಟ್ ಚೆನ್ನ, ಆದರೆ ಫ್ಲೇಮ್ಡ್ ಫಿನಿಶ್‌ನದ್ದೇ (ಬೆಂಕಿಯ ಜ್ವಾಲೆಯಿಂದ ಮೇಲ್ಮೈ ತರಿತರಿ ಮಾಡಿದ್ದು) ಕೇಳಿ. ಪಾಲಿಶ್ ಕಲ್ಲು ಒದ್ದೆಯಾದರೆ ಮಕ್ಕಳು ಜಾರಿ ಬೀಳುತ್ತಾರೆ. ಕಪ್ಪು ಕಲ್ಲಿನ ಮೇಲೆ ಮಧ್ಯಾಹ್ನ ಕಾಲಿಡಲಾಗದು.

ಹೆಚ್ಚು ಕೆಡುವುದು ಕೋಪಿಂಗ್ (ಕೊಳದ ಗೋಡೆಯ ನೆತ್ತಿಗೆ ಕೂರಿಸುವ ಅಂಚುಗಲ್ಲು) ಮತ್ತು ಹಾಸುಗಲ್ಲಿನ ನಡುವಿನ ಸಂದಿಯಲ್ಲಿ. ಅಲ್ಲಿ 10 ಮಿ.ಮೀ. ಜಾಗ ಕೆಳಗಿನ ಕಾಂಕ್ರೀಟಿನವರೆಗೂ ಬಿಡಿಸಿ, ಫೋಮ್ ಹಗ್ಗ ತುರುಕಿ, ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಸಲ್ಫೈಡ್ ಸೀಲೆಂಟ್ ತುಂಬಿಸಿ. ಚೆಂದ ಕಾಣಲೆಂದು ಮೇಸ್ತ್ರಿ ಸಿಮೆಂಟ್ ಮೆತ್ತಲು ಬಂದರೆ ತಡೆಯಿರಿ. ಬಿಸಿಲಿಗೆ ಹಿಗ್ಗಿದ ಹಾಸು ಕೋಪಿಂಗನ್ನು ತಳ್ಳುತ್ತದೆ, ಅಂಚಿನ ಟೈಲ್ಸ್ ಒಡೆಯುತ್ತವೆ.

ನೀರೊಳಗಿನ ದೀಪ 12 ವೋಲ್ಟಿನದ್ದೇ ಆಗಿರಲಿ. ಇಡೀ ಹಿತ್ತಲಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಯಾರನ್ನೂ ನೀರಿಗಿಳಿಸಬೇಡಿ.